ಗೋಪದ್ಮದ ನಡುಸಾಲು

ಚಾತುರ್ಮಾಸ್ಯದ ನಾಲ್ಕು ತಿಂಗಳು ತುಂಗಾಬಾಯಿ ಪ್ರತಿದಿನ ಬೆಳಿಗ್ಗೆ ದೇವರ ಮುಂದೆ ಮೂವತ್ತಮೂರು ಗೋಪದ್ಮ ಬರೆಯುತ್ತಿದ್ದರು. ಕಪ್ಪು ಕಡಪ ಬಂಡೆಯ ನೆಲದ ಮೇಲೆ ಬಿಳಿ ರಂಗೋಲಿ ಪುಡಿಯಲ್ಲಿ ಆಕಳ ಗೊರಸಿನ ಗುರುತು: ಎರಡು ಬಾಗಿದ ಗೆರೆ, ನಡುವೆ ಒಂದು ಸಣ್ಣ ಗೆರೆ. ಸಾಲಿಗೆ ಹನ್ನೊಂದರಂತೆ ಮೂರು ಸಾಲು. ಐದು ವರ್ಷ ನಡೆಸಬೇಕಾದ ವ್ರತ ಇದು. ಐದನೆಯ ವರ್ಷದ ಕಾರ್ತಿಕ ದ್ವಾದಶಿಗೆ ಉದ್ಯಾಪನೆ ಮಾಡಿ, ಮುತ್ತೈದೆಯರಿಗೆ ಬಾಗಿನ ಕೊಟ್ಟು ಮುಗಿಸಬೇಕು. ನಡುವೆ ಒಂದು ದಿನ ತಪ್ಪಿದರೂ ಮತ್ತೆ ಮೊದಲಿನಿಂದ ಹಿಡಿಯಬೇಕೆಂಬುದು ತುಂಗಾಬಾಯಿಯ ತವರಿನ ಕಟ್ಟಳೆ. ಇದು ಐದನೆಯ ವರ್ಷ.

ಆದೋನಿಯ ಹತ್ತಿ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಅವರ ಮನೆ. ಗಂಡ ಸೇತುಮಾಧವರಾಯರು ಖಜಾನೆ ಕಚೇರಿಯಿಂದ ನಿವೃತ್ತರು. ಮಗ ವಿಠಲ್ ಹತ್ತಿ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನಲ್ಲಿ ಲೆಕ್ಕ ನೋಡುತ್ತಾನೆ. ಸೊಸೆ ಸುಮೇಧಾ ಪೆದ್ದಕಡುಬೂರಿನ ಕನ್ನಡ ಶಾಲೆಯಲ್ಲಿ ಶಿಕ್ಷಕಿ.

ಶ್ರಾವಣದ ಒಂದು ಬೆಳಿಗ್ಗೆ, ಅತ್ತೆ ಗೋಪದ್ಮ ಬರೆದು ತುಳಸಿ ತರಲು ಹಿತ್ತಲಿಗೆ ಹೋಗಿದ್ದಾಗ, ಹೂಬತ್ತಿ ಇಡಲು ಬಂದ ಸುಮೇಧಾ ನಡುಸಾಲಿನಲ್ಲಿ ಒಂದು ತಪ್ಪು ಕಂಡಳು. ಐದನೆಯ ಗೊರಸಿನ ಮೇಲೇ ಆರನೆಯದೂ ಬಿದ್ದಿತ್ತು. ಸೊಂಟನೋವಿನಲ್ಲಿ ಕೈ ಜರುಗಿರಬೇಕು ಎಂದುಕೊಂಡಳು. ಒದ್ದೆ ಬೆರಳಿನಿಂದ ಒರೆಸಿ, ಚಿಟಿಕೆ ಪುಡಿಯಲ್ಲಿ ಎರಡನ್ನೂ ಬಿಡಿಸಿ ಬರೆದಳು. ಹೇಳಿದರೆ ಅತ್ತೆ ನೊಂದುಕೊಳ್ಳುತ್ತಾರೆ. ಆ ದಿನದ ವ್ರತ ಲೆಕ್ಕಕ್ಕೆ ಬಂತೋ ಇಲ್ಲವೋ ಎಂದು ಮಠದವರೆಗೂ ಹೋಗಿ ಕೇಳುತ್ತಾರೆ. ಹೇಳಲಿಲ್ಲ.

ಮರುದಿನ ಎಲ್ಲ ಸರಿಯಿತ್ತು. ಮೂರನೆಯ ದಿನ ಮತ್ತೆ ತಪ್ಪಿತು. ಭಾದ್ರಪದದ ಹೊತ್ತಿಗೆ ದಿನಕ್ಕೆ ಐದಾರು ಗೊರಸು ತಿದ್ದುವುದು ಸುಮೇಧಾಳ ಬೆಳಗಿನ ಕೆಲಸಗಳಲ್ಲಿ ಒಂದಾಯಿತು.

ಸಕ್ಕರೆ ಕಾಯಿಲೆ ಆ ಮನೆಗೆ ಹೊಸದಲ್ಲ. ತುಂಗಾಬಾಯಿಗೆ ಅದು ಬಂದು ಹನ್ನೆರಡು ವರ್ಷವಾಗಿತ್ತು, ರಾಯರಿಗೆ ಆರು. ಕಾಫಿಗೆ ಸಕ್ಕರೆ ಬಿಟ್ಟಿದ್ದರು, ನೈವೇದ್ಯದ ಪಾಯಸ ಒಂದು ಚಮಚಕ್ಕಿಂತ ಹೆಚ್ಚು ಮುಟ್ಟುತ್ತಿರಲಿಲ್ಲ, ಬರಿಗಾಲಲ್ಲಿ ಬಿಸಿಲಿಗೆ ಇಳಿಯುತ್ತಿರಲಿಲ್ಲ. ಸೋಮವಾರ ಸೋಮವಾರ ರಾಯರು ಮಿಷನ್ ತೆಗೆದು ಇಬ್ಬರ ಬೆರಳನ್ನೂ ಚುಚ್ಚಿ ನೋಡುತ್ತಿದ್ದರು. ಈ ಕಾಯಿಲೆಯ ಬಗ್ಗೆ ತಮಗೆ ಗೊತ್ತಿಲ್ಲದ್ದು ಏನೂ ಇಲ್ಲವೆಂದು ಮನೆಯವರೆಲ್ಲ ನಂಬಿದ್ದರು. ಕಣ್ಣಿನ ಮಾತು ಬೇರೆಯದಾಗಿತ್ತು. ಎರಡು ವರ್ಷದ ಕೆಳಗೆ ಕನ್ನಡಕದ ಅಂಗಡಿಯಲ್ಲಿ ಕಂಪ್ಯೂಟರಿನಲ್ಲಿ ನೋಡಿ, "ಸಣ್ಣಗ ಪೊರೆ ಸುರು ಆಗ್ಯಾದಮ್ಮಾ, ಬಲೀಲಿ, ಆಮ್ಯಾಲೆ ತಗಸ್ರಿ" ಎಂದಿದ್ದರು. ಅಂದಿನಿಂದ ಮಬ್ಬಾದರೂ ಪೊರೆ, ಮಸುಕಾದರೂ ಪೊರೆ. ಅದು ಬಲಿಯಲೆಂದು ತುಂಗಾಬಾಯಿ ಕಾಯುತ್ತಿದ್ದರು.

ಭಾದ್ರಪದದಲ್ಲೇ ಪೆದ್ದಕಡುಬೂರಿನ ಶಾಲೆಯಲ್ಲಿ ಕಣ್ಣಿನ ತಪಾಸಣೆ ಇಟ್ಟರು. ಮಕ್ಕಳದು ಮುಗಿದ ಮೇಲೆ ಸಕ್ಕರೆ ಕಾಯಿಲೆಯ ಊರವರೂ ಬರಲಿ ಎಂದು ಸಾರಿದ್ದರು. ಕಣ್ಣು ನೋಡಲು ಬಂದಿದ್ದ ಚಂದನಾ ಎಂಬ ಹುಡುಗಿ ಹೊಳಗುಂದದ ಕಡೆಯವಳು. ವರಾಂಡದ ಮೂಲೆಗೆ ಕಂಬಳಿ ಕಟ್ಟಿ ಕತ್ತಲೆ ಮಾಡಿ ಯಂತ್ರ ಇಟ್ಟುಕೊಂಡಿದ್ದಳು. ಮೊದಲು ಕೂತವನು ಗೋವಿಂದಪ್ಪ, ಶಾಲಾ ಸಮಿತಿಯ ಹಿರಿಯ.

"ಸಕ್ಕರಿ ಇರೋದು ರಕ್ತದಾಗ. ನೀ ಕಣ್ಣಾಗ ಏನು ಹುಡುಕ್ತಿಯವ್ವ?"

"ಕಣ್ಣಾಗ ರಕ್ತ ಹರ್ಯಂಗಿಲ್ಲೇನು, ತಾತಾ?"

"ಹರೀತತಿ. ಈಕಿ ಪೀರಮ್ಮನ್ನ ನೋಡಿದ್ರ ಸಾಕು, ಕೆಂಪಗ ಆಗ್ತಾವ."

ಪಕ್ಕದಲ್ಲಿ ನಿಂತಿದ್ದ ಹೆಂಡತಿ ಪೀರಮ್ಮ ಬಿಡಲಿಲ್ಲ. "ಅದು ಸಕ್ಕರೀದಲ್ಲವ್ವ, ಸಾರಾಯೀದು. ಅದನ್ನೂ ಬರಕೋ."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಚಂದನಾ ಕೂಡ ನಕ್ಕು, ಆತನ ಗದ್ದವನ್ನು ಯಂತ್ರದ ಮೇಲಿಟ್ಟು ಹೇಳಿದಳು. "ಕಣ್ಣಿನ ಹಿಂದ ಒಂದು ಪರದಾ ಐತಿ, ತಾತಾ. ನಾವು ನೋಡೋದೆಲ್ಲಾ ಅದರ ಮ್ಯಾಲೆ ಬೀಳ್ತತಿ. ಸಕ್ಕರಿ ಬಂದು ಬಾಳ ವರ್ಷ ಆದ್ರ ಅಲ್ಲಿರೋ ಸಣ್ಣ ರಕ್ತನಾಳ ಸೋರ್ತಾವ. ನೋವಿಲ್ಲ, ಉರಿಯಿಲ್ಲ. ಸುರೂದಾಗ ಎಲ್ಲಾ ಚೆಂದಾಗೇ ಕಾಣ್ತತಿ. ಅದಕ್ಕೇ ಯಾರೂ ಬರಂಗಿಲ್ಲ. ಕಾಣದಂಗ ಆದಮ್ಯಾಲೆ ಬಂದ್ರ ನಾವು ಮಾಡೋದು ಕಡಿಮಿ."

"ಪೊರೆ ಅಲ್ಲೇನು ಅದು?" ಎಂದ ಗೋವಿಂದಪ್ಪ.

"ಪೊರೆ ಮುಂದ, ಇದು ಹಿಂದ. ಪೊರೆ ತಗದ್ರ ಹೋಗ್ತತಿ. ಇದು ಹಂಗ ಹೋಗಂಗಿಲ್ಲ. ವರ್ಷಕ್ಕೊಂದು ಸಲ ಕಣ್ಣಿಗೆ ಔಷಧಿ ಬಿಟ್ಟು, ಪಾಪೆ ಅಗಲ ಮಾಡಿ ಹಿಂದಿನ ಪರದಾ ನೋಡಸ್ಬೇಕು. ಕನ್ನಡಕದ ಅಂಗಡ್ಯಾಗ ಇದನ್ನ ನೋಡಂಗಿಲ್ಲ."

ಊರವರು ಹೋದ ಮೇಲೆ ಸುಮೇಧಾ ಅವಳಿಗೆ ಚಹಾ ತಂದುಕೊಟ್ಟು ಹೇಳಿದಳು. "ನಮ್ಮ ಅತ್ತಿಯವರಿಗೆ ಹನ್ನೆರಡು ವರ್ಷದ ಷುಗರ್ ಅದ."

"ಗೀಟು ವಂಕರ, ಸೊಟ್ಟ ಸೊಟ್ಟ ಕಾಣ್ತಾವಂತಾರೇನ್ರಿ? ನಡುಮಧ್ಯೆ ಮಸುಕು?"

"ಅವರಿಗೆ ಹ್ಯಾಂಗ ಕಾಣ್ತಾವ ಗೊತ್ತಿಲ್ಲ. ಬರಿಯೋದು ಮಾತ್ರ ವಂಕರ. ಅದೂ ನಡುವಿಂದೇ. ಅಂಚಿನ ಸಾಲು ಸರಿ ಇರ್ತಾವ."

ಚಂದನಾ ಲೋಟ ಕೆಳಗಿಟ್ಟಳು. "ಈ ವಾರದಾಗೇ ಕರ್ನೂಲಿಗೆ ಕರ್ಕೊಂಡು ಹೋಗ್ರಿ, ಟೀಚರ್. ಮುಂದಿನ ತಿಂಗಳು ಅನಬ್ಯಾಡ್ರಿ."

ಅಂದು ಸಂಜೆ ಸುಮೇಧಾ ಮಾತು ತೆಗೆದಳು. ತುಂಗಾಬಾಯಿ ಅಡುಗೆಮನೆಯ ಕಟ್ಟೆಗೆ ಒರಗಿ ಹೆಸರುಬೇಳೆ ಆರಿಸುತ್ತಿದ್ದರು. ರಾಯರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡಿದ್ದರು.

"ಪೊರೆ ಅದ ನನಗ. ಬಲಿತು ಬಂದದ, ಅಷ್ಟೇ. ಉದ್ಯಾಪನಿ ಆಗ್ಲಿ, ತಗಸ್ತೇನಿ" ಎಂದರು ತುಂಗಾಬಾಯಿ.

"ಇದು ಪೊರೆ ಅಲ್ಲಂತ, ಅತ್ಯಾ. ಆಪರೇಷನ್ ಮಾತೇ ಇಲ್ಲ. ಗೋಪದ್ಮ ಬರದು ಮುಂಜಾನಿ ಬಸ್ಸಿಗೆ ಹೋದ್ರ, ನೋಡಿಸ್ಕೊಂಡು ಸಂಜಿಗೆ ಮನಿಗೆ ಬರಬಹುದು."

"ಆಸ್ಪತ್ರಿಯವರು ಬರೇ ನೋಡಿ ಬಿಡ್ತಾರೇನ? ನಿಮ್ಮ ಮಾವನ್ನ ಹಲ್ಲು ನೋಡ್ತೇವಂತ ಕುಂಡ್ರಿಸಿ ಎರಡು ಕಿತ್ತು ಕಳಸಿದ್ರು."

"ಒಂದೇ ಕಿತ್ತಿದ್ದು. ಇನ್ನೊಂದು ತಾನೇ ಬಿತ್ತು" ಎಂದರು ರಾಯರು.

"ಹೋದ್ರ ಹಿಡಕೊಂಡು ಕುಂಡ್ರಸ್ತಾರ. ತಲಿಗೆ ನೀರು ಹಾಕಬ್ಯಾಡ, ಬಗ್ಗಬ್ಯಾಡ ಅಂತಾರ. ನಾಲ್ಕು ವರ್ಷ ಮಾಡಿದ್ದೆಲ್ಲಾ ಹೊಳ್ಯಾಗ ಹೋಗ್ಬೇಕೇನು?" ತುಂಗಾಬಾಯಿ ಮೊರ ಬದಿಗೆ ಸರಿಸಿದರು. "ಅಲ್ಲ, ನನಗ ಕಾಣಂಗಿಲ್ಲ ಅಂತ ಯಾರಂದ್ರು? ದಿನಾ ಗೋಪದ್ಮ ನೋಡ್ತಿ. ಒಂದರೆ ಗೆರಿ ತಪ್ಯಾದೇನು, ಹೇಳು."

ಸುಮೇಧಾ ಅತ್ತೆಯ ಮುಖ ನೋಡಿದಳು. ಆ ಪ್ರಶ್ನೆಗೆ ನಿಜ ಹೇಳಿದರೆ ನಾಳೆಯೇ ಬಸ್ಸು ಹತ್ತುತ್ತಾರೆ, ಅಥವಾ ಇನ್ನೆಂದೂ ದೇವರ ಮನೆಯಲ್ಲಿ ತಲೆ ಎತ್ತುವುದಿಲ್ಲ. ಐದನೆಯ ವರ್ಷದ ವ್ರತ ಶ್ರಾವಣದಲ್ಲೇ ಕೆಟ್ಟಿದೆ ಎಂದು ಹೇಳಿದಂತಾಗುತ್ತದೆ. ಕೆಟ್ಟದ್ದನ್ನು ಬಚ್ಚಿಟ್ಟವಳು ತಾನು.

"ಇಲ್ಲ, ಅತ್ಯಾ" ಎಂದಳು.

"ಮತ್ತ?" ಎಂದು ತುಂಗಾಬಾಯಿ ಮೊರ ಎಳೆದುಕೊಂಡರು. ಆರಿಸಿದ ಬೇಳೆಯಲ್ಲಿ ಎರಡು ಕಲ್ಲು ಉಳಿದಿದ್ದವು.

ಮರುದಿನ ಬಸ್‌ಸ್ಟ್ಯಾಂಡಿಗೆ ಬಿಡಲು ಬಂದ ವಿಠಲ್‌ಗೆ ಬೈಕಿನ ಹಿಂದೆ ಕೂತೇ ಎಲ್ಲ ಹೇಳಿದಳು.

"ನೀ ತಿದ್ದೋದು ಬಿಡು. ಆಕೀಗೇ ಗೊತ್ತಾಗ್ತದ" ಎಂದ ಅವನು.

"ಹ್ಯಾಂಗ ಗೊತ್ತಾಗ್ತದ? ತಪ್ಪಿದ್ದು ಕಂಡಿದ್ರ ತಪ್ಪು ಬರೀತಿದ್ರೇನು?"

"ಹಂಗಾರ ಹೇಳಿಬಿಡು."

"ನೀವು ಹೇಳ್ರಿ. ನಿಮ್ಮ ಅವ್ವ."

ಬೈಕು ಬಸ್‌ಸ್ಟ್ಯಾಂಡಿನ ಗೇಟಿಗೆ ಬಂದಿತ್ತು. ವಿಠಲ್ ಇಂಜಿನ್ ಆರಿಸಲಿಲ್ಲ. "ಮಿಲ್ಲಿನಾಗ ಸೀಜನ್ ಸುರು ಆಗ್ತದ. ಇನ್ನೇನು, ದೀಪಾವಳಿ ದಾಟಿದ್ರ ದ್ವಾದಶಿ. ಮರುದಿನ ನಾನೇ ರಜಾ ಹಾಕಿ ಕರ್ಕೊಂಡು ಹೋಗ್ತೇನಿ. ಹನ್ನೆರಡು ವರ್ಷ ತಡದದ್ದು ಎರಡು ತಿಂಗಳು ತಡಿಯಂಗಿಲ್ಲೇನು?"

ತಡೆಯುತ್ತದೋ ಇಲ್ಲವೋ ಸುಮೇಧಾಳಿಗೂ ಗೊತ್ತಿರಲಿಲ್ಲ. ಆ ವಾರ ಎರಡು ಸಲ ಚಂದನಾಳಿಗೆ ಫೋನ್ ಮಾಡಿದಳು. ಎರಡು ಸಲವೂ ಆಕೆ ಅದೇ ಮಾತು ಹೇಳಿದಳು.

ಆಶ್ವಯುಜದಲ್ಲಿ ಸುಮೇಧಾ ತಿಂಗಳಿನ ಮೂರು ದಿನ ದೇವರ ಮನೆಯಿಂದ ದೂರ ಕೂತಳು. ಹಿಂದಿನ ತಿಂಗಳುಗಳಲ್ಲಿ ಆ ದಿನಗಳಲ್ಲಿ ಅತ್ತ ನೋಡಿಯೇ ಇರಲಿಲ್ಲ. ಈ ಸಲ ಹೊಸ್ತಿಲ ಆಚೆ ನಿಂತು ನೋಡಿದಳು. ಯಾರೂ ತಿದ್ದದ ಗೋಪದ್ಮ ಕಪ್ಪು ನೆಲದ ಮೇಲೆ ಹಾಗೇ ಇತ್ತು. ಎರಡೂ ಅಂಚಿನ ಸಾಲಿನಲ್ಲಿ ಗೊರಸುಗಳನ್ನು ಗುರುತಿಸಬಹುದಿತ್ತು. ನಡುಸಾಲೆಂಬುದು ಇರಲಿಲ್ಲ. ಅಲ್ಲಿ ಗೆರೆಗಳು ಒಂದರ ಮೇಲೊಂದು ಬಿದ್ದು ಬಿಳಿಯ ಮುದ್ದೆಯಾಗಿದ್ದವು. ಅದರ ಪಕ್ಕದಲ್ಲಿ ಅಂಗೈಯಷ್ಟು ಜಾಗ ಖಾಲಿ ಬಿದ್ದಿತ್ತು.

ರಾಯರು ಸ್ನಾನ ಮಾಡಿ ಬಂದು ಮಣೆಯ ಮೇಲೆ ಕೂತರು. ಗೋಪದ್ಮ ಅವರ ಮೊಣಕಾಲಿನ ಮುಂದೆಯೇ ಇತ್ತು.

"ಭೇಷ್, ತುಂಗಾ. ಅಚ್ಚು ಒತ್ತಿದ್ಹಾಂಗ ಬರದಿ" ಎಂದರು.

ಹೆಂಡತಿಯ ಮನಸ್ಸಿಗೆ ಸಂತೋಷವಾಗಲೆಂದು ಹಾಗೆಂದರೋ, ಅವರಿಗೂ ಕಾಣಲಿಲ್ಲವೋ, ಹೊಸ್ತಿಲ ಆಚೆ ನಿಂತವಳಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ನಾಲ್ಕನೆಯ ದಿನ ಮಿಂದು ಒಳಗೆ ಬಂದು, ಎಂದಿನಂತೆ ಒದ್ದೆ ಬೆರಳಿನಿಂದ ನಡುಸಾಲನ್ನು ಪೂರ್ತಿ ಒರೆಸಿ ತಾನೇ ಬರೆದಳು. ಬರೆಯದೆ ಬಿಡಬೇಕೆಂದು ಮೂರು ದಿನವೂ ತೀರ್ಮಾನಿಸಿದ್ದಳು.

ಬಲಿಪಾಡ್ಯದ ಬೆಳಿಗ್ಗೆ ಅಕ್ಕಿ ಹಸನು ಮಾಡುತ್ತಿದ್ದ ತುಂಗಾಬಾಯಿ ಸಿಡುಕಿದರು. "ಮೊರದಾಗ ಯಾರು ಕರೇ ನೂಲು ಚೆಲ್ಯಾರ? ಎಷ್ಟು ತಗದ್ರೂ ಹೋಗವಲ್ವು."

ಮೊರದಲ್ಲಿ ಅಕ್ಕಿಯಲ್ಲದೆ ಏನೂ ಇರಲಿಲ್ಲ. ಅವರು ಬೆರಳಿನಿಂದ ಹಿಡಿದು ಹಿಡಿದು ಹೊರಗೆ ಎಸೆಯುತ್ತಿದ್ದರು. ಆಮೇಲೆ ತಲೆ ಎತ್ತಿ ಗೋಡೆಯ ಕಡೆ ನೋಡಿ ಅಲ್ಲೂ ನೂಲು ಇವೆ ಎಂದರು. ಮಧ್ಯಾಹ್ನದ ಹೊತ್ತಿಗೆ ಎಡಗಣ್ಣಿನ ಮುಂದೆ ಕೆಂಪು ಹೊಗೆ ಆಡುತ್ತಿದೆ ಎಂದರು. ದೀಪದ ಮಸಿ ಬಿದ್ದಿರಬೇಕೆಂದು ರಾಯರು ತಣ್ಣೀರು ಹಾಕಿಸಿದರು. ಸಂಜೆಗೆ ಎಡಗಣ್ಣಿನಲ್ಲಿ ಬೆಳಕು ಬಿಟ್ಟು ಏನೂ ಉಳಿದಿರಲಿಲ್ಲ. ನೋವು ಮಾತ್ರ ಒಂದಿಷ್ಟೂ ಇರಲಿಲ್ಲ. ಅದಕ್ಕೇ ಮರುದಿನ ಬಸ್ಸು ಹತ್ತಿಸಲು ಅಷ್ಟು ಹೇಳಬೇಕಾಯಿತು. ಗೋಪದ್ಮ ಬರೆದೇ ಹೊರಡುವುದು, ಸಂಜೆಗೆ ಮನೆಯಲ್ಲಿರುವುದು, ಈ ಮಾತಿನ ಮೇಲೆ ಹೊರಟರು. ಮಿಲ್ಲಿನಲ್ಲಿ ರಜೆ ಸಿಗದ ವಿಠಲ್ ಮೂವರನ್ನೂ ಕರ್ನೂಲು ಬಸ್ಸಿಗೆ ಕೂರಿಸಿದ.

ಆಸ್ಪತ್ರೆಯಲ್ಲಿ ನರ್ಸು ತುಂಗಾಬಾಯಿಯ ಕಣ್ಣಿಗೆ ಔಷಧಿ ಬಿಟ್ಟು ಕಾಯಲು ಹೇಳಿದಳು. ಪಕ್ಕದ ಬೆಂಚಿನಲ್ಲಿದ್ದ ರಾಯರನ್ನು ನೋಡಿ ತಾತನಿಗೂ ಷುಗರ್ ಇದೆಯೇ ಎಂದು ತೆಲುಗಿನಲ್ಲಿ ಕೇಳಿದಳು. ಇದ್ದರೆ ಅವರದೂ ನೋಡಿಬಿಡಬಹುದು, ಔಷಧಿ ಬಿಟ್ಟರೆ ನಾಲ್ಕೈದು ಗಂಟೆ ಮಬ್ಬಾಗಿರುತ್ತದೆ, ಅಷ್ಟೇ ಎಂದಳು.

"ಒಬ್ಬಾಕಿ ಸೊಸಿ, ಎರಡು ಕುರುಡು ತಗೊಂಡು ಬಸ್ ಹ್ಯಾಂಗ ಹತ್ತಬೇಕು?" ರಾಯರು ನಕ್ಕರು.

"ನಾ ಕರ್ಕೊಂಡು ಹೋಗ್ತೇನಿ, ಮಾವನವರ. ಹೆಂಗೂ ಬಂದೇವಿ, ಹಾಕಿಸ್ಕೋರಿ" ಎಂದಳು ಸುಮೇಧಾ.

"ನನಗೇನಾಗ್ಯಾದ? ಎಲ್ಲಾ ಚೆಂದ ಕಾಣಸ್ತದ. ಉದ್ಯಾಪನಿ ಆಗ್ಲಿ, ನೋಡೋಣು."

ಅವಳು ಮತ್ತೊಮ್ಮೆ ಹೇಳಿದಳು. ಅವರು ಕೈಚೀಲದಿಂದ ಪಂಚಾಂಗ ತೆಗೆದು, ಕನ್ನಡಕ ಏರಿಸಿ, ಓದುವವರಂತೆ ಹಿಡಿದುಕೊಂಡರು. ಪುಟ ತಿರುಗಿಸಲಿಲ್ಲ.

ಡಾಕ್ಟರ್ ಹುಸೇನಮ್ಮ ಎಂಬವರು ಎರಡೂ ಕಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು. ಸ್ಕ್ಯಾನ್ ಮಾಡಿಸಿದರು. ಎಡಗಣ್ಣಿನೊಳಗೆ ರಕ್ತ ತುಂಬಿದೆ, ತಾನಾಗಿ ತಿಳಿಯಾಗುತ್ತದೋ ಎಂದು ಕೆಲವು ವಾರ ನೋಡಬೇಕು, ಇಲ್ಲವಾದರೆ ಹೈದರಾಬಾದಿನಲ್ಲಿ ದೊಡ್ಡ ಆಪರೇಷನ್, ಮಾಡಿದರೂ ಎಷ್ಟು ಬರುತ್ತದೆಂದು ಹೇಳಲಾರೆ ಎಂದರು. ಬಲಗಣ್ಣಿನ ಪರದೆಯ ನಡುಭಾಗ ಊದಿದೆ. ಅದರ ಅಂಚಿಗೆ ಇಂದೇ ಲೇಸರ್ ಕೊಡುತ್ತೇವೆ, ಊತಕ್ಕೆ ತಿಂಗಳು ತಿಂಗಳು ಇಂಜೆಕ್ಷನ್ ಬೇಕಾಗುತ್ತದೆ. ಹೋದ ನೋಟ ತರಲು ಅಲ್ಲ, ಉಳಿದದ್ದನ್ನು ಹಿಡಿದಿಡಲು. ತೆಲುಗಿನಲ್ಲಿ ನಿಧಾನವಾಗಿ, ಎಲ್ಲರಿಗೂ ತಿಳಿಯುವಂತೆ ಹೇಳಿದರು. ಆಮೇಲೆ ಕೇಳಿದರು: ಗೆರೆ, ಅಕ್ಷರ, ಬಾಗಿಲ ಚೌಕಟ್ಟು, ಇವೆಲ್ಲ ಸೊಟ್ಟ ಕಾಣಲು ಶುರುವಾಗಿ ಎಷ್ಟು ದಿನವಾಯಿತು?

"ಲೇದಮ್ಮಾ" ಎಂದರು ತುಂಗಾಬಾಯಿ. "ಅಟ್ಲಾಂಟಿದೇಮೀ ಲೇದು, ಹಂಗೇನೂ ಇಲ್ಲ. ನಿನ್ನಿ ಒಂದಿನ ನೂಲು ಕಂಡಾವ, ಅಷ್ಟೇ. ದಿನಾ ಮೂವತ್ತಮೂರು ಗೋಪದ್ಮ ಬರೀತೇನಿ, ಒಂದು ಗೆರಿ ತಪ್ಪಿಲ್ಲ. ಬೇಕಾದ್ರ ನಮ್ಮ ಸೊಸೀನ ಕೇಳ್ರಿ."

ಡಾಕ್ಟರ್ ಸುಮೇಧಾಳ ಕಡೆ ತಿರುಗಿ, ನೀವು ಹೇಳಿ ಎಂದರು. "ಮೀರು ಚೆಪ್ಪಂಡಿ."

ಅತ್ತೆ ಅವಳ ಕಡೆ ಮುಖ ಮಾಡಿದ್ದರು. ಔಷಧಿಯಿಂದ ಅಗಲವಾದ ಪಾಪೆಗಳು ಅವಳ ಭುಜದ ಮೇಲೆ ಎಲ್ಲೋ ನೆಟ್ಟಿದ್ದವು. ಮುಖದಲ್ಲಿ ಸಂಶಯವೇ ಇರಲಿಲ್ಲ. ಸಾಕ್ಷಿ ತನ್ನ ಪರವೇ ಹೇಳುತ್ತದೆ ಎಂದು ಗೊತ್ತಿದ್ದವರಂತೆ ಕೂತಿದ್ದರು.

"ಶ್ರಾವಣಂ ನುಂಚಿ" ಎಂದಳು ಸುಮೇಧಾ. ಕನ್ನಡದಲ್ಲಿ ಹೇಳುವುದು ಅವಳಿಂದಾಗಲಿಲ್ಲ, ಅತ್ತೆಗೆ ತೆಲುಗು ತನಗಿಂತ ಚೆನ್ನಾಗಿ ಬರುತ್ತದೆಂದು ಗೊತ್ತಿದ್ದರೂ. ಶ್ರಾವಣದಿಂದ ನಡುಸಾಲು ತಪ್ಪುತ್ತಿದೆ, ನಾನು ತಿದ್ದುತ್ತಿದ್ದೆ ಎಂದಳು.

ಡಾಕ್ಟರ್ ಬರೆದುಕೊಂಡರು. ಆಗಲೇ ಬಂದಿದ್ದರೆ ಎಂದು ಏನೋ ಹೇಳಲು ಹೋಗಿ, ಮೂವರ ಮುಖ ನೋಡಿ ನಿಲ್ಲಿಸಿದರು. ಲೇಸರಿನ ನಂತರ ಮಲಗುವಾಗ ತಲೆ ಎತ್ತರದಲ್ಲಿರಲಿ, ಬಗ್ಗಿ ಕೆಲಸ ಮಾಡಬೇಡಿ ಎಂದು ಮಾತ್ರ ಹೇಳಿದರು.

ಬಸ್ಸಿನಲ್ಲಿ ತುಂಗಾಬಾಯಿ ಕಿಟಕಿಯ ಬದಿಗೆ ಕೂತರು. ಎಮ್ಮಿಗನೂರು ದಾಟಿತು. ಎರಡೂ ಬದಿಯ ಹೊಲಗಳಲ್ಲಿ ಹತ್ತಿ ಬಿಡಿಸುತ್ತಿದ್ದರು.

"ಅಂಚಿನ ಸಾಲು?" ಎಂದರು ತುಂಗಾಬಾಯಿ.

"ಅವು ನಿಮ್ಮವೇ, ಅತ್ಯಾ."

"ನಡುವಿಂದು ಎಲ್ಲಾ ನೀ ಬರದದ್ದು."

"ಮೊದಮೊದಲು ಒಂದೆರಡು. ಆಮ್ಯಾಲೆ ಎಲ್ಲಾ."

ತುಂಗಾಬಾಯಿ ಕಿಟಕಿಯಿಂದ ಮುಖ ತಿರುಗಿಸಿದರು. "ಅವತ್ತು ಬ್ಯಾಳಿ ಆರಸುವಾಗ ಕೇಳಿದ್ದೆನಲ್ಲ ನಿನ್ನ. ಆವಾಗ ಯಾಕ ಹೇಳಲಿಲ್ಲ?"

ಉತ್ತರಕ್ಕೆ ಕಾಯಲಿಲ್ಲ, ಸೆರಗನ್ನು ಕಣ್ಣಿಗೆ ಒತ್ತಿಕೊಂಡು ಒರಗಿದರು. ರಾಯರು ಮುಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದರು, ಅಥವಾ ಹಾಗೆ ಕಾಣುತ್ತಿದ್ದರು.

ಮರುದಿನ ಬೆಳಿಗ್ಗೆ ಸುಮೇಧಾ ದೇವರ ಮನೆಗೆ ಬಂದಾಗ ಅತ್ತೆ ಮಿಂದು, ಪುಡಿಯ ಬಟ್ಟಲು ಹಿಡಿದು ನೆಲದ ಮೇಲೆ ಬಗ್ಗಿದ್ದರು.

"ಬಗ್ಗಬ್ಯಾಡ ಅಂದಾರ, ಅತ್ಯಾ. ನಾ ಬರೀತೇನಿ, ನೀವು ಬರೇ ಕೈ ಮುಟ್ಟಿಸ್ರಿ."

"ದ್ವಾದಶಿತನಕ ನಾನೇ ಬರೀತೇನಿ. ಕೆಟ್ಟದ್ದು ಕೆಟ್ಟದ, ಉಳದದ್ದರೆ ನಂದಾಗ್ಲಿ." ದನಿಯಲ್ಲಿ ಸಿಟ್ಟಿರಲಿಲ್ಲ. "ನೀ ತಿದ್ದಬ್ಯಾಡ. ಎಲ್ಲಿ ತಪ್ಯಾದ ಅಂತ ಹೇಳು, ನಾ ತಿದ್ದತೇನಿ."

ಅತ್ತೆ ಮೂರೂ ಸಾಲು ಬರೆದಾದ ಮೇಲೆ ಸುಮೇಧಾ ನೋಡಿದಳು. ಎಡಗಣ್ಣಿನ ಬೆಂಬಲವೂ ಹೋದ ಮೇಲೆ ಅಂಚಿನ ಸಾಲುಗಳೂ ಸರಿದಿದ್ದವು.

"ಇಲ್ಲಿ" ಎಂದು ಬೆರಳು ಚಾಚಿ ತೋರಿಸಿದಳು. ಚಾಚಿದ ಮೇಲೆ ಬೆರಳನ್ನು ಹಿಂದಕ್ಕೆ ತೆಗೆದುಕೊಂಡಳು.

"ಎಲ್ಲಿ?"

"ನಡುಸಾಲಿನಾಗ. ನಿಮ್ಮ ಕೈಯಿಂದ ಸ್ವಲ್ಪ ಎಡಕ್ಕ."

ತುಂಗಾಬಾಯಿಯ ಕೈ ಎಡಕ್ಕೆ ಸರಿಯಿತು, ಬೇಕಾದ್ದಕ್ಕಿಂತ ಹೆಚ್ಚು. ಸುಮೇಧಾ ಮಣಿಕಟ್ಟು ಹಿಡಿಯಲು ಬಗ್ಗಿದಾಗ ಅವರು ಕೈ ಬಿಡಿಸಿಕೊಂಡರು. "ಹಿಡೀಬ್ಯಾಡ. ಹೇಳು ಸಾಕು."

"ಒಂದಿಷ್ಟು ಬಲಕ್ಕ. ಕೆಳಗ. ಅಲ್ಲಲ್ಲ, ಮ್ಯಾಲೆ."

"ಇಲ್ಲೋ?"

"ಇನ್ನೊಂದು ಸ್ವಲ್ಪ, ಅತ್ಯಾ."

ಕೈ ಮುಂದೆ ಹೋದಂತೆ ಸೆರಗಿನ ಅಂಚು ಮೊದಲ ಸಾಲಿನ ಮೇಲೆ ಎಳೆದುಕೊಂಡು ಹೋಗುತ್ತಿತ್ತು. ಬರೆದ ಗೊರಸುಗಳು ಒಂದೊಂದಾಗಿ ಬೂದು ಪಟ್ಟೆಯಾದವು. ಅದನ್ನೂ ಹೇಳಬೇಕಿತ್ತು.

"ಇಲ್ಲಿ ಸರಿಯೇನು?" ಎಂದು ತುಂಗಾಬಾಯಿ ಮತ್ತೆ ಕೇಳಿದರು.